ಮನೆ–ನೆರೆ: ಕಾರಿಗೊಂದು ಜಾಗ, ನೆರೆಗೊಂದು ಮಾತು



ಮೂರು ತಿಂಗಳ ಹಿಂದೆ ರಾಮನಗರದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಎಂಟು ಮನೆಗಳ ಅಪಾರ್ಟ್‌ಮೆಂಟು. ಕೆಳಗೆ ಕಂಬಗಳ ನಡುವೆ ಐದೇ ಕಾರು ನಿಲ್ಲುವಷ್ಟು ಜಾಗ. ರಾತ್ರಿ ಅವಳ ಅತ್ತೆಗೆ ಉಸಿರಾಟದ ತೊಂದರೆಯಾಗಿ 108ಕ್ಕೆ ಫೋನು ಮಾಡಿದರೆ, ಬಂದ ಆಂಬುಲೆನ್ಸು ಗೇಟಿನ ಹೊರಗೇ ನಿಂತಿತು. ಗೇಟಿಗೆ ಅಡ್ಡವಾಗಿ ಯಾರದೋ ನೆಂಟರ ಕಾರು! ಯಾರ ಮನೆಗೆ ಬಂದವರೆಂದು ತಿಳಿಯಲು ಬಾಗಿಲು ಬಾಗಿಲು ತಟ್ಟಬೇಕಾಯಿತು. ಕೊನೆಗೆ ಆ ಹಿರಿಯ ಜೀವವನ್ನು ಕುರ್ಚಿಯಲ್ಲಿ ಕೂರಿಸಿ ರಸ್ತೆಯವರೆಗೆ ಹೊತ್ತೊಯ್ದೆವು. ದೇವರ ದಯೆ, ಹುಷಾರಾದರು. ಆದರೆ ಅಂದಿನಿಂದ ಎದುರುಮನೆಯವರೊಡನೆ ಮಾತು ನಿಂತಿತು. ಹೆಪ್ಪಿಗೂ ಕರಿಬೇವಿಗೂ ಬಂದುಹೋಗುತ್ತಿದ್ದವರು ಮೆಟ್ಟಿಲಲ್ಲಿ ಎದುರಾದರೂ ಮುಖ ತಿರುಗಿಸುವಂತಾಯಿತು.

"ಕಾರಿನ ವಿಷಯ ಗಂಡಸರಿಗೆ ಬಿಟ್ಟದ್ದು" ಎನ್ನುತ್ತೀರಾ? ಅದರ ಜಗಳ ಮನೆಯೊಳಗೆ ಬಂದಾಗ ಅನುಭವಿಸುವವರು ನಾವಲ್ಲವೆ?

ಜಗಲಿ, ಅಂಗಳಗಳ ಊರುಗಳು ನಮ್ಮವು. ಈಗ ಕನಕಪುರ, ಮಾಗಡಿಗಳಲ್ಲೂ ಮಹಡಿಯ ಮೇಲೆ ಮಹಡಿ ಏಳುತ್ತಿದೆ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ರಾಮನಗರ, ಚನ್ನಪಟ್ಟಣಗಳಲ್ಲಿದ್ದುಕೊಂಡೇ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವುದು ಸುಲಭವಾಗಿದೆ. ಮನೆಗೊಂದು ಕಾರು ಬಂತು. ನೆಲ ಮಾತ್ರ ಹಿಗ್ಗಲಿಲ್ಲ.

ಕೊಳ್ಳುವ ಮುನ್ನ

ಮನೆ ನೋಡಲು ಹೋದಾಗ ಅಡುಗೆಕಟ್ಟೆ, ದೇವರ ಗೂಡು ಎಲ್ಲ ನೋಡುತ್ತೇವೆ. ಕೆಳಗಿನ ನೆಲ ನೋಡುವುದಿಲ್ಲ. ಒಂದು ಕಾರಿಗೆ ಸುಮಾರು ಎರಡೂವರೆ ಮೀಟರ್ ಅಗಲ, ಐದರಿಂದ ಐದೂವರೆ ಮೀಟರ್ ಉದ್ದ ಬೇಕು. ಅಳತೆಯ ಟೇಪು ಇಲ್ಲವೆ? ಐದೂವರೆ ಮೀಟರಿನ ಹಳೇ ಸೀರೆ ಸಾಕು. ಪೂರ್ತಿ ಬಿಚ್ಚಿದರೆ ಉದ್ದ, ಸರಿಯಾಗಿ ಎರಡಾಗಿ ಮಡಿಸಿದರೆ ಅಗಲ. ಕಂಬದ ಪಕ್ಕ ಕಾರಿನ ಬಾಗಿಲು ತೆರೆಯುತ್ತದೆಯೇ ಎಂದೂ ನೋಡಿ.

ಬಾಯಿಮಾತು ನಂಬಬೇಡಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ, ಘೋಷಣಾ ಪತ್ರದಲ್ಲಿ ಬೇರೆ ರೀತಿ ಬರೆದಿರದಿದ್ದರೆ, ವಾಹನ ನಿಲ್ಲಿಸುವ ಜಾಗ ಎಲ್ಲ ಮನೆಯವರಿಗೂ ಸೇರಿದ್ದು. 2016ರ ರೇರಾ ಕಾಯ್ದೆಯೂ ಬಯಲಿನ ಪಾರ್ಕಿಂಗ್ ಜಾಗವನ್ನು ಎಲ್ಲರ ಪಾಲಿಗೇ ಸೇರಿಸಿದೆ. "ಪಾರ್ಕಿಂಗಿಗೆ ಇಷ್ಟು ಹೆಚ್ಚು ಕೊಡಿ" ಎಂದರೆ, ಯಾವ ಜಾಗ, ಯಾವ ಹಕ್ಕು ಎಂದು ಕೇಳಿ. ಒಪ್ಪಿದ್ದನ್ನು ಕ್ರಯಪತ್ರದಲ್ಲಿ ಬರೆಸಿ, ವಕೀಲರಿಗೊಮ್ಮೆ ತೋರಿಸಿ. ನಿವೇಶನ 500 ಚದರ ಮೀಟರ್ ಮೀರದಿದ್ದರೆ, ಇಲ್ಲವೇ ಮನೆಗಳು ಎಂಟು ಮೀರದಿದ್ದರೆ, ರೇರಾ ನೋಂದಣಿ ಕಡ್ಡಾಯವಲ್ಲ. ಸಣ್ಣ ಕಟ್ಟಡ ಕೊಳ್ಳುವವರಿಗೆ ತಮ್ಮ ಎಚ್ಚರವೇ ಕಾವಲು.

ಇದ್ದ ಜಾಗದಲ್ಲೇ

ಈಗಾಗಲೇ ವಾಸವಿರುವವರು ಏನು ಮಾಡಬೇಕು? ಹಿಂದೆ ವಠಾರದಲ್ಲಿ ಒಂದೇ ನಲ್ಲಿಗೆ ಹತ್ತು ಕೊಡ ಸರದಿಯಲ್ಲಿ ನಿಲ್ಲುತ್ತಿರಲಿಲ್ಲವೆ? ಇದಕ್ಕೂ ಅದೇ ಉಪಾಯ. ಎಂಟು ಮನೆಯವರನ್ನೂ ಭಾನುವಾರ ಕಾಫಿಗೆ ಕರೆದು ಮಾತಾಡೆಂದು ತಂಗಿಗೆ ಹೇಳಿದೆ. ಅವರು ಒಪ್ಪಿಕೊಂಡದ್ದು ಇಷ್ಟು:

1. ಗೇಟಿನ ಎದುರು, ಮೆಟ್ಟಿಲ ಬುಡದಲ್ಲಿ ಯಾರೂ ಯಾವಾಗಲೂ ವಾಹನ ನಿಲ್ಲಿಸಬಾರದು.

2. ಬೆಳಿಗ್ಗೆ ಬೇಕಾಗುವ ಕಾಫಿಪುಡಿ ಡಬ್ಬಿ ಮುಂದಿಡುತ್ತೇವಲ್ಲ, ಹಾಗೆಯೇ ಬೇಗ ಹೊರಡುವ ಕಾರು ಮುಂದೆ. ಭಾನುವಾರ ಮಾತ್ರ ತೆಗೆಯುವ ಕಾರು ಹಿಂದೆ.

3. ಸ್ಕೂಟರುಗಳು ಗೋಡೆಯುದ್ದಕ್ಕೂ ಓರೆಯಾಗಿ ನಿಲ್ಲಬೇಕು.

4. ನೆಂಟರ ಕಾರು ಹೊರಗೆ, ದಾರಿಗೆ ಅಡ್ಡಿಯಾಗದಂತೆ. ಗಾಜಿನೊಳಗೆ ಮನೆ ನಂಬರು, ಫೋನ್ ನಂಬರು ಬರೆದ ಚೀಟಿ.

5. ಐದು ಜಾಗಕ್ಕೆ ಯುಗಾದಿಯಿಂದ ಯುಗಾದಿಗೆ ಚೀಟಿ ಎತ್ತುವುದು. ಈ ವರ್ಷ ಸಿಗದವರಿಗೆ ಮುಂದಿನ ವರ್ಷ ಮೊದಲ ಸರದಿ. ನಡೆಯಲಾರದ ಹಿರಿಯರಿರುವ ಮನೆಗೆ ಚೀಟಿಯಿಲ್ಲದೆಯೇ ಒಂದು ಜಾಗ.

ಎಲ್ಲವನ್ನೂ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿದ್ದಾರೆ. ಎಲ್ಲರಿಗೂ ತೃಪ್ತಿಯಾಗಿದೆ ಎನ್ನಲಾರೆ. ಮೂರು ಕಾರು ಈಗಲೂ ಬೀದಿಯಲ್ಲೇ. ಆದರೆ ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಮೊನ್ನೆ ತಂಗಿ ಫೋನಿನಲ್ಲಿ ಅಂದಳು: "ಅಕ್ಕಾ, ಎದುರುಮನೆಯವ್ರು ಹೆಪ್ಪು ಕೇಳ್ಕೊಂಡು ಬಂದಿದ್ರು ಕಣಕ್ಕಾ!"

ನಿಮ್ಮ ಕಟ್ಟಡದಲ್ಲೂ ಯಾರೊಡನಾದರೂ ಮಾತು ನಿಂತಿದೆಯೆ? ಈ ಭಾನುವಾರ ಕಾಫಿಗೆ ನೀರಿಡಿ.