ಕನ್ಯಾನಕ್ಕೆ ಇಂಜಿನಿಯರ್ ಬೇಡವೇ?

ಪಿಯುಸಿ ಫಲಿತಾಂಶ ಬಂದೊಡನೆ ಕನ್ಯಾನ ಪೇಟೆಯ ಅಂಗಡಿ ಜಗಲಿಗಳಲ್ಲಿ, ವಿಟ್ಲದ ಬಸ್ಸಿನೊಳಗೆ ಕೇಳಿಬರುವ ಪ್ರಶ್ನೆ ಒಂದೇ: "ಮಗನಿಗೆ ಕಂಪ್ಯೂಟರ್ ಸಿಕ್ಕಿತಾ?" ಇಲ್ಲ, ಸಿವಿಲ್ ಸಿಕ್ಕಿತು ಎಂದು ತಂದೆಯಾದವರು ಹೇಳಿದರೋ, ಕೇಳಿದವರು ಸಾವಿನ ಮನೆಗೆ ಬಂದವರ ಹಾಗೆ ಮುಖ ಮಾಡುತ್ತಾರೆ. "ಸಿಮೆಂಟ್ ಕಲಸ್ಲಿಕ್ಕೆ ನಾಲ್ಕು ವರ್ಷ ಓದ್ಬೇಕಾ ಮಾರಾಯ್ರೆ? ನಮ್ಮ ಮೇಸ್ತ್ರಿ ಇಲ್ವಾ?" ಎಂಬ ಸಮಾಧಾನ ಬೇರೆ!

ಹಿಂದೆ ಹೀಗಿರಲಿಲ್ಲ. ಮಂಗಳೂರು ಕದ್ರಿಯ ಕೆ.ಪಿ.ಟಿ. 1946ರಷ್ಟು ಹಳೆಯದು. 1960ರಲ್ಲಿ ಸುರತ್ಕಲ್‌ನ ಕೆ.ಆರ್.ಇ.ಸಿ. (2002ರಿಂದ ಎನ್.ಐ.ಟಿ.ಕೆ.) ಶುರುವಾದಾಗ ಇದ್ದದ್ದೇ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂಬ ಮೂರು ವಿಭಾಗ. ಆಗಿನ ಕಾಲಕ್ಕೆ ಇಂಜಿನಿಯರ್ ಎಂದರೆ ಜೀಪಿನಲ್ಲಿ ಬರುವ, ಸೇತುವೆ ಕಟ್ಟಿಸುವ ಮನುಷ್ಯ. ಈಗ ಪುತ್ತೂರು, ಉಜಿರೆ, ಮಿಜಾರಿನಲ್ಲೂ ಇಂಜಿನಿಯರಿಂಗ್ ಕಾಲೇಜು ಉಂಟು. ಆದರೆ ರಾಜ್ಯದ ಎಷ್ಟೋ ಕಾಲೇಜುಗಳಲ್ಲಿ ಸಿವಿಲ್ ಸೀಟಿಗೆ ಜನವಿಲ್ಲ. ವರ್ಷಕ್ಕೊಮ್ಮೆ, ಸೆಪ್ಟೆಂಬರ್ 15ರಂದು, ವಿಶ್ವೇಶ್ವರಯ್ಯನವರ ಫೋಟೋಕ್ಕೆ ಹಾರ ಹಾಕುವುದಕ್ಕೆ ಮಾತ್ರ ಯಾರೂ ತಪ್ಪುವುದಿಲ್ಲ.

ಮೇಸ್ತ್ರಿ ಸಾಕು ಎನ್ನುವವರು ತಮ್ಮ ಕಾಲಬುಡದ ಮಣ್ಣನ್ನು ಒಮ್ಮೆ ನೋಡಬೇಕು. ಈ ಜಿಲ್ಲೆಯ ಗುಡ್ಡಗಳಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅದರಡಿಗೆ ಶೇಡಿ ಮಣ್ಣು. ಶೇಡಿ ಒಣಗಿದ್ದಾಗ ಗಟ್ಟಿ. ನೀರು ಕುಡಿದರೆ ಮುಗಿಯಿತು, ಹಿಡಿತವೇ ಇಲ್ಲ. ಜೆಸಿಬಿ ತಂದು ಗುಡ್ಡವನ್ನು ಗೋಡೆಯಂತೆ ನೇರ ಕಡಿದು, ಆ ಬುಡದಲ್ಲಿ ಮನೆ ಕಟ್ಟಿದರೆ ಆಷಾಢದ ಮಳೆಗೆ ಏನಾಗುತ್ತದೆಂದು ಪತ್ರಿಕೆ ಓದುವವರಿಗೆ ಹೇಳಬೇಕಾಗಿಲ್ಲ. ತಡೆಗೋಡೆ ಕಟ್ಟುತ್ತಾರೆ, ಹಿಂದೆ ನಿಂತ ನೀರು ಹೊರಗೆ ಬರಲು ತೂತು ಬಿಡುವುದಿಲ್ಲ. ಕಾಂಕ್ರೀಟು ಸುಲಭವಾಗಿ ಹರಿಯಲೆಂದು ಇನ್ನೊಂದು ಕೊಡ ನೀರು ಸುರಿಯುತ್ತಾರೆ. ಅಷ್ಟಕ್ಕಷ್ಟು ಬಲ ಹೋಯಿತು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಬೂದಿಮಿಶ್ರಿತ ಸಿಮೆಂಟಿಗೆ ಕನಿಷ್ಠ ಹತ್ತು ದಿನ ನೀರುಣಿಸಬೇಕೆಂದು ನಿಯಮ ಹೇಳುತ್ತದೆ. ಮೂರನೆಯ ದಿನಕ್ಕೇ ಪೈಪು ಸುತ್ತಿಟ್ಟರೆ ಕೇಳುವವರಾರು?

ಹಾಗೆಂದು ಓದಿದವರಿಗೇ ಬುದ್ಧಿ ಎಂದಲ್ಲ. ಹತ್ತಿರದ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಮರ ಹತ್ತಿ ಕಾಯಿ ಕೊಯ್ಯುತ್ತಿದ್ದ ಕೂಲಿಯಾಳು. ಬೋಳು ಗುಡ್ಡದಲ್ಲಿ ಸಿಕ್ಕ ಜಾಗಕ್ಕೆ ನೀರಿಲ್ಲದೆ, ಒಬ್ಬರೇ ಸುರಂಗ ತೋಡಿದರು. ಒಂದಲ್ಲ, ಹಲವು ಬರಡಾದವು, ಬಿಡಲಿಲ್ಲ. ಕೊನೆಗೆ ನೀರು ಬಂತು, ಅಡಿಕೆ ತೋಟ ಎದ್ದಿತು, 2022ರಲ್ಲಿ ಪದ್ಮಶ್ರೀಯೂ ಬಂತು. ಬಾಯಾರು, ಮಾಣಿಲ ಕಡೆಯ ಸುರಂಗಗಳೆಲ್ಲ ಇಂಥ ಕೈಗಳ ಕೆಲಸವೇ. ನಾಯ್ಕರಿಗೆ ತನ್ನ ಗುಡ್ಡದ ಪರಿಚಯವಿತ್ತು. ಇಂದು ಮನೆಯ ಪ್ಲಾನಿಗೆ ಸಹಿ ಹಾಕುವ ಎಷ್ಟು ಮಂದಿ ಆ ಗುಡ್ಡವನ್ನು ಕಣ್ಣಿಂದ ಕಂಡಿದ್ದಾರೆ? ಪಂಚಾಯತು ಪರವಾನಿಗೆಗೆ, ಬ್ಯಾಂಕಿನ ಸಾಲಕ್ಕೆ ಕಾಗದ ಬೇಕು. ಸಹಿ ಸಿಗುತ್ತದೆ, ದುಡ್ಡು ಕೈ ಬದಲಾಗುತ್ತದೆ. ಸ್ಲ್ಯಾಬ್ ಹಾಕುವ ದಿನ ಸಾಹೇಬರು ಪತ್ತೆಯಿಲ್ಲ. ಜನರು "ಇಂಜಿನಿಯರ್ ಯಾಕೆ" ಎಂದು ಕೇಳುವುದಕ್ಕೆ ಮೂಲ ಇಲ್ಲಿದೆ.

ಮನೆ ಬಿದ್ದರೆ ಒಂದು ಸಂಸಾರಕ್ಕೆ ನಷ್ಟ, ಸೇತುವೆ ಬಿದ್ದರೆ ಇಡೀ ಊರಿಗೆ. ಪಾಣೆಮಂಗಳೂರಿನಲ್ಲಿ ನೇತ್ರಾವತಿಯ ಮೇಲೆ ಬ್ರಿಟಿಷರು ಕಟ್ಟಿದ ಹಳೆ ಸೇತುವೆ ನೂರು ವರ್ಷ ದಾಟಿದೆ. ಇದೇ ತಾಲೂಕಿನ ಇನ್ನೊಂದು ಮೂಲೆಯಲ್ಲಿ, ಫಲ್ಗುಣಿ ನದಿಯ ಮೂಲರಪಟ್ನ ಸೇತುವೆ ಸುಮಾರು ಮೂವತ್ತು ವರ್ಷಕ್ಕೇ 2018ರ ಜೂನ್ 25ರಂದು ಕುಸಿಯಿತು. ಕಂಬದ ಹತ್ತಿರ ಮರಳು ತೆಗೆದದ್ದೇ ಕಾರಣವೆಂದು ಆಗ ದೂರು ಕೇಳಿಬಂದಿತ್ತು. ಜೀವಹಾನಿ ಆಗಲಿಲ್ಲ, ದೇವರ ದಯೆ. ಮಳೆಗಾಲಕ್ಕೆ ಮೊದಲು ಕಂಬದ ಬುಡ ನೋಡುವುದೂ ಸಿವಿಲ್ ಇಂಜಿನಿಯರಿಂಗ್ ಕೆಲಸವೇ. ಅದಕ್ಕೆ ಉದ್ಘಾಟನೆಯಿಲ್ಲ, ಶಿಲಾಫಲಕವಿಲ್ಲ, ಹಾಗಾಗಿ ಆಸಕ್ತಿಯೂ ಇಲ್ಲ.

ಇನ್ನು ಹೊಟ್ಟೆಪಾಡಿನ ಲೆಕ್ಕ. ಎಸ್ಸೆಸ್ಸೆಲ್ಸಿ ಮುಗಿಸಿದವನಿಗೆ ಮೂರು ವರ್ಷದ ಡಿಪ್ಲೊಮಾ ಉಂಟು. ಅದಾದ ಮೇಲೆ ಡಿ.ಸಿ.ಇ.ಟಿ. ಬರೆದು ಬಿ.ಇ. ಎರಡನೇ ವರ್ಷಕ್ಕೆ ನೇರ ಸೇರಬಹುದು. ಬಡವರ ಮಕ್ಕಳಿಗೆ ಇದಕ್ಕಿಂತ ಹತ್ತಿರದ ದಾರಿಯಿಲ್ಲ. ಪಿಯುಸಿಯವರಿಗೆ ಸಿ.ಇ.ಟಿ., ಸುರತ್ಕಲ್‌ಗಾದರೆ ಜೆ.ಇ.ಇ. ಸರಕಾರಿ ಇಲಾಖೆಗಳಲ್ಲಿ ಡಿಪ್ಲೊಮಾದವರಿಗೆ ಜೂನಿಯರ್ ಇಂಜಿನಿಯರ್, ಪದವಿಯವರಿಗೆ ಅಸಿಸ್ಟೆಂಟ್ ಇಂಜಿನಿಯರ್ ಹುದ್ದೆ. ಆದರೆ ನೇಮಕಾತಿ ಯಾವಾಗ ಕರೆಯುತ್ತಾರೋ, ಕರೆದದ್ದು ಯಾವಾಗ ಮುಗಿಯುತ್ತದೋ! ಅದನ್ನೇ ನಂಬಿ ಕೂತರೆ ಪ್ರಾಯ ಹೋಗುತ್ತದೆ. ಗುತ್ತಿಗೆದಾರಿಕೆ, ಸರ್ವೆ, ಬ್ಯಾಂಕಿಗೆ ಕಟ್ಟಡದ ಬೆಲೆ ಕಟ್ಟುವುದು, ಗಲ್ಫಿನ ಸೈಟು, ಇವೆಲ್ಲ ಉಂಟು. ಮೊದಲ ಕೆಲವು ವರ್ಷ ಸಂಬಳ ಕಡಿಮೆ, ಬಿಸಿಲು ಜಾಸ್ತಿ, ಬೆಂಗಳೂರಿನ ಎ.ಸಿ. ಕೋಣೆಯ ಗೆಳೆಯನ ಎದುರು ಮುಖ ಸಣ್ಣದಾಗುವುದೂ ಉಂಟು. ಹುಡುಗರಿಗೆ ಇದನ್ನು ಮೊದಲೇ ಹೇಳದೆ ಸೀಟು ತುಂಬಿಸುವುದು ಸರಿಯಲ್ಲ.

ಪಂಚಾಯತಿನಿಂದ ಆಗಬಹುದಾದ ಕೆಲಸವೂ ಒಂದಿದೆ. ಕಾಂಕ್ರೀಟ್ ರಸ್ತೆಗೋ ಮೋರಿಗೋ ಮೊತ್ತ ಬರೆದ ಬೋರ್ಡು ಹಾಕುತ್ತಾರಲ್ಲ, ಅದರ ಪಕ್ಕದಲ್ಲೇ ಕಾಂಕ್ರೀಟು ಹಾಕಿದ ದಿನ ನಿಂತು ನೋಡಿದ ಇಂಜಿನಿಯರ್ ಯಾರೆಂದೂ ಬರೆಯಲಿ. ಹದಿನೈದು ಸೆಂಟಿಮೀಟರಿನ ಕಾಂಕ್ರೀಟು ಗಟ್ಟಿಯನ್ನು 28 ದಿನಕ್ಕೆ ಒಡೆದು ನೋಡಿದ ವರದಿಯನ್ನು ಕಚೇರಿಯ ನೋಟಿಸ್ ಬೋರ್ಡಿಗೆ ಅಂಟಿಸಲಿ. ಊರಲ್ಲಿ ಸಿವಿಲ್ ಓದುತ್ತಿರುವ ಹುಡುಗ, ಹುಡುಗಿ ಯಾರಿದ್ದರೂ ಅವರನ್ನು ರಜೆಯಲ್ಲಿ ಅಲ್ಲಿಗೆ ಕರೆದು ನಿಲ್ಲಿಸಲಿ. ಮುಂದಿನ ಮಳೆಗಾಲಕ್ಕೆ ಮೊದಲು ಒಂದೇ ಒಂದು ಮೋರಿಯಲ್ಲಾದರೂ ಇದು ನಡೆಯಲಿ.