ಸಾಸಿವೆ ಡಬ್ಬಿಯೂ ಬಿಟ್‌ಕಾಯಿನ್ನೂ

ಸಾಸಿವೆ ಡಬ್ಬಿಯಲ್ಲಿ ತಾಯಿ ಬಚ್ಚಿಟ್ಟ ನೋಟುಗಳಲ್ಲಿ ಕಳ್ಳತನವಿಲ್ಲ. ಮಗಳ ಶುಲ್ಕಕ್ಕೋ ಆಪತ್ಕಾಲಕ್ಕೋ ಕೂಡಿಟ್ಟ ಆ ಹಣ ಪರರ ಕಣ್ಣಿಗೆ ಬೀಳದ ಕಾರಣದಿಂದಲೇ ಉಳಿದಿರುತ್ತದೆ. ಹಣದ ಗುಟ್ಟು ಅಪರಾಧಿಗಳಿಗಷ್ಟೇ ಬೇಕಾದುದಲ್ಲ. ಅದು ಸಾಮಾನ್ಯರ ಮಾನರಕ್ಷಣೆಯೂ ಹೌದು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಬ್ಯಾಂಕು ಖಾತೆದಾರನ ಹೆಸರು, ವಿಳಾಸ, ಭಾವಚಿತ್ರ ಎಲ್ಲವನ್ನೂ ಕೇಳುತ್ತದೆ. ಆದರೆ ಪಾಸ್‌ಬುಕ್ಕಿನ ಲೆಕ್ಕವನ್ನು ನೆರೆಮನೆಗೆ ತಿಳಿಸುವಂತಿಲ್ಲ. ಕಾನೂನು ಕೇಳಿದಾಗ ಬಾಯಿಬಿಡಬೇಕು. ಅಲ್ಲಿ ಹೆಸರು ಬಯಲು, ಲೆಕ್ಕ ಗುಟ್ಟು.

2009ರಲ್ಲಿ ಆರಂಭವಾದ ಬಿಟ್‌ಕಾಯಿನ್‌ನ ರೀತಿ ಇದಕ್ಕೆ ವಿರುದ್ಧ. ಅದನ್ನು ರೂಪಿಸಿದಾತ ಸತೋಶಿ ನಾಕಾಮೋಟೊ ಎಂಬುದೇ ಒಂದು ಗುಪ್ತನಾಮ. ಹಣ ಕಳುಹಿಸುವವನಿಗೂ ಪಡೆಯುವವನಿಗೂ ಅಲ್ಲಿ ಹೆಸರಿಲ್ಲ. ಅಕ್ಷರ, ಅಂಕಿಗಳ ಸಾಲೇ ವಿಳಾಸ. ಆದರೆ ಪ್ರತಿಯೊಂದು ವಹಿವಾಟೂ ಜಗತ್ತೇ ಓದಬಲ್ಲ, ಅಳಿಸಲಾಗದ ಕಿರ್ದಿಯಲ್ಲಿ ದಾಖಲಾಗುತ್ತದೆ. ಮುಖವಾಡ ಧರಿಸಿ ಊರ ಕಟ್ಟೆಯ ಮೇಲೆ ಹಣ ಎಣಿಸಿದಂತೆ! ಮುಖವಾಡ ಒಮ್ಮೆ ಕಳಚಿದರೆ ಹಳೆಯ ಲೆಕ್ಕವೆಲ್ಲ ಬಯಲು. ಭಾರತದಲ್ಲಿ ಇಂತಹ ನಾಣ್ಯ ಮಾರುವ ವಿನಿಮಯ ಕೇಂದ್ರಗಳು 2023ರ ಮಾರ್ಚ್‌ನಿಂದ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿದ್ದು, ಗ್ರಾಹಕರ ಗುರುತನ್ನು ಪರಿಶೀಲಿಸಲೇಬೇಕು.

2016ರಲ್ಲಿ ಬಿಟ್‌ಫಿನೆಕ್ಸ್ ವಿನಿಮಯ ಕೇಂದ್ರದಿಂದ ಸುಮಾರು 1,20,000 ಬಿಟ್‌ಕಾಯಿನ್‌ಗಳು ಕಳವಾದವು. ಕಳ್ಳರು ಅವನ್ನು ನೂರಾರು ಕೈ ದಾಟಿಸಿದಂತೆ ತೋರಿಸಿದರೂ ಕಿರ್ದಿ ಮರೆಯಲಿಲ್ಲ. 2022ರ ಫೆಬ್ರವರಿಯಲ್ಲಿ ಅಮೆರಿಕದ ಅಧಿಕಾರಿಗಳು ಅದೇ ಜಾಡು ಹಿಡಿದು 94,000ಕ್ಕೂ ಹೆಚ್ಚು ನಾಣ್ಯಗಳನ್ನು ವಶಪಡಿಸಿಕೊಂಡರು. ಅಂದಿನ ಬೆಲೆ ಸುಮಾರು 360 ಕೋಟಿ ಡಾಲರ್. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕಥೆ ಇದು.

ಜಾಡನ್ನೇ ಮರೆಮಾಡುವ ಮೊನೇರೊದಂತಹ ನಾಣ್ಯಗಳೂ ಇವೆ. ದಬ್ಬಾಳಿಕೆಯ ಆಡಳಿತದಲ್ಲಿ ಸಿಲುಕಿದವನಿಗೆ ಅಂತಹ ಮರೆ ಆಸರೆಯಾದೀತು. ಆದರೆ ಅಲ್ಲಿ ಕೀಲಿಪದ ಕಳೆದರೆ, ವಿಳಾಸ ತಪ್ಪಿದರೆ, ಹಣ ಹೋದಂತೆಯೇ. ಬ್ಯಾಂಕು ತಪ್ಪಿದರೆ ಕೇಳಲು ವ್ಯವಸ್ಥಾಪಕರಿದ್ದಾರೆ, ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ಬ್ಯಾಂಕೇ ಮುಳುಗಿದರೂ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ.

ಗುಟ್ಟು ಉಳಿಯುವುದು ಹೆಸರಿಲ್ಲದಿರುವುದರಿಂದಲ್ಲ, ಹೊಣೆ ಹೊತ್ತವರು ಕಾಯುವುದರಿಂದ. ಚಲನ್ ಕನ್ನಡದಲ್ಲಿಲ್ಲದ ಗಡಿನಾಡ ಬ್ಯಾಂಕಿನಲ್ಲಿ ಅಜ್ಜಿ ತನ್ನ ಉಳಿತಾಯದ ಮೊತ್ತವನ್ನು ಅಪರಿಚಿತನಿಗೆ ಹೇಳಿ ಬರೆಸಬೇಕಾದರೆ ಅವಳ ಗುಟ್ಟು ಅಲ್ಲಿಯೇ ಸೋರುತ್ತದೆ. ಶಾಲೆಗೆ ಹೋಗುವ ಮೊಮ್ಮಗಳು ಜೊತೆಗೆ ಹೋಗಿ ಆ ಚಲನ್ ತುಂಬಿಕೊಟ್ಟರೆ ಸಾಕು. ಅದೇ ಮೊಮ್ಮಗಳಿಗೆ ನಾಳೆ ಯಾರಾದರೂ “ಈ ನಾಣ್ಯ ಕೊಳ್ಳು, ಯಾರಿಗೂ ತಿಳಿಯದು” ಎಂದರೆ ಅವಳು ಕೇಳಬೇಕಾದುದು ಒಂದೇ ಪ್ರಶ್ನೆ: ಹಣ ಹೋದರೆ ಯಾರನ್ನು ಕೇಳುವುದು?