ಮೊದಲು ಜಿರಳೆ ಡಬ್ಬ, ಆಮೇಲೆ ಡ್ರ್ಯಾಗನ್ (ಭಾಗ 4)

ಹೋದ ಪೋಸ್ಟಲ್ಲಿ ಜಿರಳೆ ಡಬ್ಬದ ಫೋಟೊ ಹಾಕಿದ್ದೇ ತಡ, "ಥೂ, ಇದನ್ನ ಮನೇಲಿ ಸಾಕ್ತಾರಾ?" ಅಂತ ಇನ್‌ಬಾಕ್ಸ್ ತುಂಬಿಹೋಯ್ತು. ಹಾಗೆ ಕೇಳಿದವರಲ್ಲೇ ಇಬ್ಬರು ಅದರ ಹಿಂದಿನ ವಾರ "ಬಿಯರ್ಡೆಡ್ ಡ್ರ್ಯಾಗನ್ ಎಷ್ಟಕ್ಕೆ ಸಿಗುತ್ತೆ?" ಅಂದಿದ್ರು! ಅದಕ್ಕೇ ನೇರವಾಗಿ ಹೇಳ್ತೀನಿ. ಜಿರಳೆ ಸಾಕೋಕಾಗಲ್ಲ ಅಂದ್ರೆ ಡ್ರ್ಯಾಗನ್ ಆಸೆನೂ ಬಿಟ್ಬಿಡಿ.

ಆ ಆಸ್ಟ್ರೇಲಿಯಾ ಹಲ್ಲಿಗೆ ಮರಿಯಲ್ಲಿ ಮುಖ್ಯವಾಗಿ ಹುಳಾನೇ ಊಟ. ದೊಡ್ಡದಾದ ಮೇಲೂ ಸೊಪ್ಪಿನ ಜೊತೆ ಹುಳ ಬೇಕು. ಚೆನ್ನಾಗಿ ನೋಡ್ಕೊಂಡ್ರೆ ಹತ್ತು ವರ್ಷ ಬದುಕುತ್ತೆ. ಅಷ್ಟು ವರ್ಷ ಹುಳ ಎಲ್ಲಿಂದ ತರ್ತೀರಾ? ಅಡುಗೆಮನೆ ಜಿರಳೆ ಪಕ್ಕದ ಮನೇಲಿ ವಿಷ ತಿಂದು ಬಂದಿರಬಹುದು. ಗದ್ದೆ ಬದುವಿನ ಮಿಡತೆ ಮೇಲೆ ನಿನ್ನೆ ಯಾವ ಔಷಧಿ ಬಿದ್ದಿದೆಯೋ ಗೊತ್ತಿಲ್ಲ. ಇನ್ನು ನಮ್ಮ ಮುತ್ತತ್ತಿ ಕಾಡು ಕಾವೇರಿ ವನ್ಯಜೀವಿಧಾಮ, ನಿಮ್ಮ ಹಲ್ಲಿಯ ರೇಷನ್ ಅಂಗಡಿ ಅಲ್ಲ.

ಹುಳ ಸಾಕೋದು ನಮಗೇನು ಹೊಸದಾ? ಮಳವಳ್ಳಿ, ಮದ್ದೂರು ಕಡೆ ಎಷ್ಟೋ ಮನೇಲಿ ರೇಷ್ಮೆ ಹುಳ ಸಾಕಿದ್ದಾರೆ. ಚಾಕಿಯಿಂದ ಶುರುಮಾಡಿ, ಹಿಪ್ಪುನೇರಳೆ ಸೊಪ್ಪು ಹಾಕಿ, ನಾಲ್ಕು ಜ್ವರ ದಾಟಿಸಿ, ಹಣ್ಣಾದ ಹುಳನ ಚಂದ್ರಿಕೆಗೆ ಬಿಡ್ತಾರೆ. ಸೊಪ್ಪಿಗೆ ಔಷಧಿ ಸೋಕಿದ್ರೆ ಬೆಳೆಯೇ ಹೋಯ್ತು. ಅದನ್ನ ಯಾರೂ ಗಲೀಜು ಅನ್ನಲ್ಲ, ಕೆಲಸ ಅಂತಾರೆ. ಜಿರಳೆ ಡಬ್ಬನೂ ಅಂಥದ್ದೇ ಕೆಲಸ.

ಇದಕ್ಕೆ ಹೆಚ್ಚಾಗಿ ಸಾಕೋದು ದಕ್ಷಿಣ ಅಮೆರಿಕದ ಡ್ಯೂಬಿಯಾ ಜಿರಳೆ. ನಯವಾದ ಪ್ಲಾಸ್ಟಿಕ್ ಗೋಡೆ ಹತ್ತಲ್ಲ. ಹೆಣ್ಣು ಹಾರಲ್ಲ. ಒಂದು ಸಲಕ್ಕೆ ಇಪ್ಪತ್ತು, ಮೂವತ್ತು ಜೀವಂತ ಮರಿ ಹಾಕುತ್ತೆ. ಮೊಟ್ಟೆ ಟ್ರೇ ನಿಲ್ಲಿಸಿಟ್ಟ ಡಬ್ಬ, ಮುಚ್ಚಳದಲ್ಲಿ ಜಾಲರಿ, ಸುಮಾರು 30 ಡಿಗ್ರಿ ಬೆಚ್ಚಗೆ, ಇಷ್ಟಿದ್ರೆ ಸಾಕು. ಒದ್ದೆ ಬಿಟ್ರೆ ಬೂಷ್ಟು ಬರುತ್ತೆ. ಆದ್ರೆ ಮರಿ ದೊಡ್ಡದಾಗಕ್ಕೆ ನಾಲ್ಕೈದು ತಿಂಗಳು ಬೇಕು. ಆತುರಕ್ಕೆ ಬಿದ್ದು ದೊಡ್ಡವನ್ನೆಲ್ಲ ತಿನ್ನಿಸಿಬಿಟ್ರೆ ಡಬ್ಬ ಖಾಲಿ.

ಜಿರಳೆ ಏನು ತಿನ್ನುತ್ತೋ ಹಲ್ಲಿ ಅದನ್ನೇ ತಿಂದ ಹಾಗೆ. ಕ್ಯಾರೆಟ್, ಸಿಹಿಕುಂಬಳ, ನುಗ್ಗೆಸೊಪ್ಪು ಹಾಕಿ. ಹುಳದಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಕಮ್ಮಿ. ಹಾಗಾಗಿ ಕ್ಯಾಲ್ಸಿಯಂ ಪುಡಿ ಸವರಿ ಕೊಡ್ಬೇಕು, ಯುವಿಬಿ ಲೈಟೂ ಬೇಕು. ಇಲ್ಲದಿದ್ರೆ ಹಲ್ಲಿಯ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತೆ. ರೀಲ್ಸಲ್ಲಿ ಇದನ್ನ ಯಾರೂ ತೋರಿಸಲ್ಲ.

ಬೇಡ ಅನ್ನೋರ ಮಾತಲ್ಲೂ ನ್ಯಾಯ ಇದೆ. ಜಿರಳೆ ಹಿಕ್ಕೆಯ ದೂಳು ಕೆಲವರಿಗೆ ಅಲರ್ಜಿ, ಆಸ್ತಮಾ ಇರೋರಿಗೆ ಇನ್ನೂ ಕಷ್ಟ. ಮನೇಲಿ ಅಂಥವರಿದ್ರೆ ಖಂಡಿತ ಬೇಡ. ಅಮ್ಮನಿಗೆ ಹೇಳದೆ ಮಂಚದ ಕೆಳಗೆ ಬಚ್ಚಿಡೋದಂತೂ ಬೇಡವೇ ಬೇಡ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಬೇಜಾರಾಯ್ತು ಅಂತ ಜಿರಳೆನಾಗಲಿ ಹಲ್ಲಿನಾಗಲಿ ಹೊಳೆ ದಡದಲ್ಲಿ ಬಿಡಬೇಡಿ. ನಮ್ಮ ಕಾವೇರಿಗೆ ಹೊರಗಿನ ನೀಲಿ ರೆಕ್ಕೆ ಮಹಶೀರ್ ತಂದು ಬಿಟ್ರು, ಒಳ್ಳೇದಾಗ್ಲಿ ಅಂತಾನೇ. ಅದು ಹೆಚ್ಚಾಯ್ತು, ಕಾವೇರಿ ಹೊಳೆಸಾಲು ಬಿಟ್ರೆ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ ಕಮ್ಮಿಯಾಗ್ತಾ ಬಂತು. 2018ರಲ್ಲಿ ಅದು ತೀವ್ರ ಅಪಾಯದಲ್ಲಿರೋ ಜೀವಿಗಳ ಕೆಂಪು ಪಟ್ಟಿಗೆ ಸೇರಿತು. ಬಿಡೋದು ಒಂದು ನಿಮಿಷ, ವಾಪಸ್ ಹಿಡಿಯೋಕೆ ಯಾರಿಂದಲೂ ಆಗಲ್ಲ.

ಉಡ, ನಕ್ಷತ್ರ ಆಮೆ ಸಾಕೋ ಯೋಚನೆ ಇದ್ರೆ ಇಲ್ಲೇ ನಿಲ್ಲಿಸಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಪಟ್ಟಿಯಲ್ಲಿರೋ ವಿದೇಶಿ ಪ್ರಾಣಿಗಳಿಗೂ 2024ರಿಂದ ನೋಂದಣಿ ನಿಯಮ ಬಂದಿದೆ. ಏನೇ ತರೋ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಅದಕ್ಕೇ ನನ್ನ ಮಾತು ಇಷ್ಟೇ: ಡ್ರ್ಯಾಗನ್‌ಗೆ ದುಡ್ಡು ಕೂಡಿಡೋ ಮೊದಲು ಆರು ತಿಂಗಳು ಜಿರಳೆ ಡಬ್ಬ ನೋಡ್ಕೊಳ್ಳಿ. ಪರೀಕ್ಷೆ ವಾರದಲ್ಲೂ, ಊರಹಬ್ಬದಲ್ಲೂ ಮರೀದೆ ಸೊಪ್ಪು ಹಾಕಿದ್ರಾ? ಹಾಗಾದ್ರೆ ಮುಂದಿನ ಮಾತು. ಇಲ್ವಾ? ಬೇಲಿ ಮೇಲೆ ತಲೆ ಆಡಿಸ್ತಾ ಕೂತಿರೋ ಓತಿಕ್ಯಾತನ್ನ ನೋಡಿ ಖುಷಿಪಡಿ. ಅದರ ಊಟ ಅದೇ ಹುಡುಕ್ಕೊಳ್ಳುತ್ತೆ.